ಉಸಿರಿನ ಗುಟ್ಟನ್ನು ಅರಸಿದ ಡೇವಿಡ್ ಕೇಲಿನ್

ಅಟ್ಟದ ಮೇಲೆ ಮಡಕೆಯಲ್ಲಿಟ್ಟ ಬೆಲ್ಲವು ವರ್ಷವಾದರೂ ಗಾಳಿಯೊಡನೆ ಕೂಡಿ ಸುಟ್ಟುಹೋಗುವುದಿಲ್ಲ. ಅದೇ ಬೆಲ್ಲದ ಒಂದು ಚೂರನ್ನು ಹೊಲದಲ್ಲಿ ದಣಿದವನು ಬಾಯಿಗೆ ಹಾಕಿಕೊಂಡು ನೀರು ಕುಡಿದನೆಂದರೆ, ಕೆಲವೇ ಗಂಟೆಗಳಲ್ಲಿ ಅದು ಅವನ ಮೈಯೊಳಗೆ ಅದೇ ಗಾಳಿಯೊಡನೆ ಕೂಡಿ ಶಾಖವಾಗಿ, ಶಕ್ತಿಯಾಗಿ ಮಾರ್ಪಡುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ; ಮೈಯ ಬಿಸಿ 37 ಡಿಗ್ರಿಯ ಆಚೀಚೆ ಸರಿಯುವುದೂ ಇಲ್ಲ. ಹೊರಗೆ ಇಷ್ಟು ಸೋಮಾರಿಯಾದ ಪ್ರಾಣವಾಯುವನ್ನು ಒಳಗೆ ಕೆಲಸಕ್ಕೆ ಹಚ್ಚುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಡೇವಿಡ್ ಕೇಲಿನ್ನರು ಅಗ್ರಗಣ್ಯರು. ಜೀವಮಾನವೆಲ್ಲ ಉಬ್ಬಸದಿಂದ ನರಳಿದ ಮನುಷ್ಯನೊಬ್ಬನು ಉಸಿರಾಟದ ಗುಟ್ಟನ್ನು ಬಿಡಿಸಿದನೆಂದು ಓದಿದಂದಿನಿಂದ ಅವರ ಚರಿತ್ರೆಯನ್ನು ಬರೆಯಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು. ನಾನು ಇತಿಹಾಸದ ವಿದ್ಯಾರ್ಥಿ. ರಸಾಯನಶಾಸ್ತ್ರವನ್ನು ಹೈಸ್ಕೂಲಿನಲ್ಲಿಯೇ ಬಿಟ್ಟುಬಂದವನು. ಬಲ್ಲವರು ತಪ್ಪಿದ್ದಲ್ಲಿ ತಿದ್ದಬೇಕು.

ಕೇಲಿನ್ನರು ಹುಟ್ಟಿದ್ದು 1887ನೆಯ ಇಸವಿ ಮಾರ್ಚ್ 21ರಂದು, ಮಾಸ್ಕೋ ನಗರದಲ್ಲಿ. ತಂದೆತಾಯಿಗಳು ಪೋಲೆಂಡಿನವರು, ಮಗು ಚಿಕ್ಕದಿರುವಾಗಲೇ ವಾರ್ಸಾಕ್ಕೆ ಹಿಂದಿರುಗಿದರು. ಬಾಲಕನಿಗೆ ಉಬ್ಬಸ ಅಂಟಿಕೊಂಡಿದ್ದರಿಂದ ಹತ್ತು ವರ್ಷ ತುಂಬುವವರೆಗೆ ಶಾಲೆಗೆ ಕಳುಹಿಸಲಿಲ್ಲ, ಮನೆಯಲ್ಲಿಯೇ ಪಾಠವಾಯಿತು. ಉಬ್ಬಸದವರೊಡನೆ ಒಂದೇ ಸೂರಿನ ಕೆಳಗೆ ಮಲಗಿದವರಿಗೆ ಅದೆಂಥದೆಂದು ಗೊತ್ತು. ರಾತ್ರಿ ಎರಡು ಗಂಟೆಗೆ ಗೋಡೆಗೊರಗಿ ಕುಳಿತವನಿಗೆ ಒಂದು ಗುಟುಕು ಗಾಳಿಗಿಂತ ದೊಡ್ಡ ಐಶ್ವರ್ಯ ಬೇರೊಂದಿಲ್ಲ. 1904ರಲ್ಲಿ ಕೇಲಿನ್ನರು ವೈದ್ಯನಾಗಬೇಕೆಂದು ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಆದರೆ ರೋಗಿಗಳ ಮನೆಯಿಂದ ಮನೆಗೆ ಹಗಲಿರುಳು ತಿರುಗುವ ವೃತ್ತಿ ಈ ಎದೆಗೆ ಒಗ್ಗುವಂತಿರಲಿಲ್ಲ. ಅದನ್ನು ಬಿಟ್ಟು ಪ್ಯಾರಿಸಿಗೆ ಹೋದರು.

ಅಲ್ಲಿ ಒಂದು ದಿನ ತಿರುಗಾಡಲು ಹೊರಟಾಗ ಮಳೆ ಹಿಡಿಯಿತು. ಹತ್ತಿರದ ಕಟ್ಟಡವೊಂದಕ್ಕೆ ನುಗ್ಗಿ ನಿಂತರು. ಒಳಗೆ ಮಾರಿಸ್ ಕೊಲ್ಲೆರಿ ಎಂಬ ಪ್ರಾಣಿಶಾಸ್ತ್ರಜ್ಞರು ಉಪನ್ಯಾಸ ಕೊಡುತ್ತಿದ್ದರು. ಮಳೆ ನಿಲ್ಲುವುದನ್ನು ಕಾಯುತ್ತ ಕೇಳಿದ ಉಪನ್ಯಾಸವು ಮನಸ್ಸನ್ನು ಹಿಡಿಯಿತು. ಕೇಲಿನ್ನರು ಕೊಲ್ಲೆರಿಯವರ ಪ್ರಯೋಗಶಾಲೆಯನ್ನೇ ಸೇರಿದರು. ಛತ್ರಿ ಇದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲವೇನೋ! ಅವರು ಕೈಗೊಂಡ ಮೊದಲ ಸಂಶೋಧನೆ ಎರೆಹುಳುವಿನ ಮೈಯೊಳಗೆ ಬೆಳೆಯುವ ಒಂದು ನೊಣದ ಮರಿಹುಳುವನ್ನು ಕುರಿತದ್ದು. ನೊಣ, ಎರೆಹುಳು, ಹೇನು — ಇವುಗಳಲ್ಲೇ ಅವರ ತಾರುಣ್ಯ ಕಳೆಯಿತು. 1915ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ, ಕೇಂಬ್ರಿಜ್ಜಿನ ಪ್ರೊಫೆಸರ್ ನಟಾಲರು ಅವರನ್ನು ತಮ್ಮ ಸಹಾಯಕನಾಗಿ ಕರೆಸಿಕೊಂಡರು. 1921ರಲ್ಲಿ ಅಲ್ಲಿ ಪರೋಪಜೀವಿಗಳ ಅಧ್ಯಯನಕ್ಕಾಗಿ ಮೊಲ್ಟೆನೊ ಸಂಸ್ಥೆ ಪ್ರಾರಂಭವಾಯಿತು. ಅವರ ಮುಂದಿನ ಬಾಳೆಲ್ಲವೂ ಅಲ್ಲಿಯೇ.

ಕುದುರೆಯ ಹೊಟ್ಟೆಯೊಳಗೆ ಬೆಳೆಯುವ ಒಂದು ನೊಣದ ಮರಿಹುಳುವಿನಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಎಂಬ ಕೆಂಪು ಪದಾರ್ಥವಿದೆ. ಮರಿಹುಳು ಹೊರಬಂದು ರೆಕ್ಕೆಯ ನೊಣವಾದಾಗ ಆ ಕೆಂಪು ಏನಾಗುತ್ತದೆ? ಈ ಸಣ್ಣ ಪ್ರಶ್ನೆಯ ಬೆನ್ನುಹತ್ತಿ ಕೇಲಿನ್ನರು ನೊಣದ ಎದೆಯ ಸ್ನಾಯುವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ರೋಹಿತದರ್ಶಕದಲ್ಲಿ ನೋಡಿದರು. ಬೆಳಕನ್ನು ಕಾಮನಬಿಲ್ಲಿನ ಬಣ್ಣಗಳಾಗಿ ಒಡೆದು, ಪದಾರ್ಥವು ಯಾವ ಬಣ್ಣವನ್ನು ನುಂಗಿತೆಂಬುದನ್ನು ಕಪ್ಪು ಗೆರೆಗಳಿಂದ ತೋರಿಸುವ ಉಪಕರಣವದು. ಕಂಡದ್ದು ಹಿಮೋಗ್ಲೋಬಿನ್ನಿನ ಗೆರೆಗಳಲ್ಲ; ಬೇರೆಯೇ ಆದ ನಾಲ್ಕು ಗೆರೆಗಳು. ಹಿಮೋಗ್ಲೋಬಿನ್ನೇ ಇಲ್ಲದ ಇತರ ಕೀಟಗಳಲ್ಲಿಯೂ ಅವೇ ನಾಲ್ಕು. ಬ್ರೆಡ್ಡಿನ ಹಿಟ್ಟನ್ನು ಹುದುಗಿಸುವ ಯೀಸ್ಟಿನಲ್ಲಿಯೂ ಅವೇ!

ಇಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯೀಸ್ಟನ್ನು ನೀರಿನಲ್ಲಿ ಕದಡಿ ಗಾಜಿನ ನಳಿಗೆಯಲ್ಲಿ ಹಾಕಿ ಚೆನ್ನಾಗಿ ಕುಲುಕಿ ನೋಡಿದರೆ ಗೆರೆಗಳಿಲ್ಲ. ನಳಿಗೆಯನ್ನು ಸುಮ್ಮನೆ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ನಾಲ್ಕೂ ಮೂಡುತ್ತವೆ. ಮತ್ತೆ ಕುಲುಕಿದರೆ ಮತ್ತೆ ಮಾಯ. ಕುಲುಕಿದಾಗ ಗಾಳಿ ಬೆರೆಯುತ್ತದೆ. ಬಣ್ಣದ ಪದಾರ್ಥವು ತನ್ನಲ್ಲಿದ್ದ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟು ಬರಿಗೈಯಾಗುತ್ತದೆ, ಗೆರೆ ಅಳಿಯುತ್ತದೆ. ಗಾಳಿ ಮುಗಿದಾಗ ಆಹಾರದಿಂದ ಬಂದ ಎಲೆಕ್ಟ್ರಾನುಗಳು ಅದರಲ್ಲಿ ತುಂಬಿಕೊಳ್ಳುತ್ತವೆ, ಗೆರೆ ಮೂಡುತ್ತದೆ. ಜೇನುಗೂಡಿನ ಮೇಣ ತಿನ್ನುವ ಪತಂಗವನ್ನು ಜೀವಂತವಾಗಿಯೇ ಗಾಜಿನ ಮೇಲೆ ಹಿಡಿದಿಟ್ಟು ನೋಡಿದಾಗ, ಅದು ರೆಕ್ಕೆ ಬಡಿದು ಒದ್ದಾಡಿದರೆ ಗೆರೆಗಳು ಕಾಣಿಸಿಕೊಂಡವು, ಸುಮ್ಮನಾದರೆ ಅಳಿದವು. ಜೀವಕೋಶವು ಉಸಿರಾಡುವುದನ್ನು ಮನುಷ್ಯನು ಕಣ್ಣಾರೆ ಕಂಡದ್ದು ಹೀಗೆ. 1925ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕೇಲಿನ್ನರು ಈ ಪದಾರ್ಥಕ್ಕೆ ಸೈಟೋಕ್ರೋಮ್, ಎಂದರೆ ಜೀವಕೋಶದ ಬಣ್ಣ, ಎಂದು ಹೆಸರಿಟ್ಟರು.

ಆದರೆ ಈ ಗೆರೆಗಳನ್ನು ಮೊದಲು ಕಂಡವರು ಅವರಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಎಂಬ ಕೈಗಾರಿಕೆಯ ಊರಿನಲ್ಲಿ ಚಾರ್ಲ್ಸ್ ಮ್ಯಾಕ್‌ಮನ್ ಎಂಬ ವೈದ್ಯರಿದ್ದರು. ಹಗಲೆಲ್ಲ ರೋಗಿಗಳನ್ನು ನೋಡಿ, ಬಿಡುವಿನಲ್ಲಿ ತಮ್ಮ ಕುದುರೆಲಾಯದ ಮೇಲಿನ ಹುಲ್ಲಿನಟ್ಟದಲ್ಲಿ ಪ್ರಯೋಗಗಳನ್ನು ಮಾಡುತ್ತಿದ್ದರು. 1880ರ ದಶಕದಲ್ಲಿಯೇ ಅವರು ನಾನಾ ಪ್ರಾಣಿಗಳ ಸ್ನಾಯುಗಳಲ್ಲಿ ಈ ಗೆರೆಗಳನ್ನು ಕಂಡು, ಇದು ಉಸಿರಾಟಕ್ಕೆ ಸಂಬಂಧಿಸಿದ ಪದಾರ್ಥವೆಂದು ಬರೆದರು. ಜರ್ಮನಿಯ ಹೋಪೆ-ಸೈಲರರು ಆ ಕಾಲದ ಜೀವರಸಾಯನದಲ್ಲಿ ಸಾರ್ವಭೌಮರಿದ್ದಂತೆ. ಅದು ಹಿಮೋಗ್ಲೋಬಿನ್ ಕೆಟ್ಟು ಉಂಟಾದ ಪದಾರ್ಥವಲ್ಲದೆ ಬೇರೇನೂ ಅಲ್ಲವೆಂದು ಅವರು ತಳ್ಳಿಹಾಕಿದರು. ಮ್ಯಾಕ್‌ಮನ್ನರು ಉತ್ತರ ಬರೆದರೆ, ತಾವೇ ಸಂಪಾದಕರಾಗಿದ್ದ ಪತ್ರಿಕೆಯಲ್ಲಿ ಆ ಉತ್ತರದ ಕೆಳಗೆ ಒಂದು ಟಿಪ್ಪಣಿ ಸೇರಿಸಿ ಚರ್ಚೆಯನ್ನು ಮುಚ್ಚಿಬಿಟ್ಟರು. ಮ್ಯಾಕ್‌ಮನ್ನರ ಕಡೆಯಲ್ಲಿ ದೋಷವೇ ಇರಲಿಲ್ಲವೆಂದಲ್ಲ. ಅವರು ಸ್ನಾಯುವಿನಿಂದ ಹೊರತೆಗೆದು ತೋರಿಸಿದ ಪದಾರ್ಥ ಶುದ್ಧವಾಗಿರಲಿಲ್ಲ. ಆದರೆ ಕಣ್ಣು ಕಂಡದ್ದು ಸುಳ್ಳಾಗಿರಲಿಲ್ಲ. 1911ರಲ್ಲಿ ಅವರು ತೀರಿಕೊಂಡರು. ಲೋಕ ಅವರನ್ನು ಮರೆತಿತು.

ಹದಿನಾಲ್ಕು ವರ್ಷಗಳ ಮೇಲೆ ಅದೇ ಗೆರೆಗಳು ಕಂಡಾಗ ಕೇಲಿನ್ನರು ಸುಮ್ಮನಿದ್ದಿದ್ದರೆ ಕೇಳುವವರು ಯಾರಿದ್ದರು? ಆದರೆ ಅವರು ತಮ್ಮ ಪ್ರಬಂಧದ ಮೊದಲಲ್ಲಿಯೇ ಮ್ಯಾಕ್‌ಮನ್ನರ ಹೆಸರನ್ನೂ ಅವರಿಗಾದ ಅನ್ಯಾಯವನ್ನೂ ಬರೆದರು. ನಾನು ಈ ಚರಿತ್ರೆಯನ್ನು ಆರಿಸಿಕೊಂಡದ್ದು ಮುಖ್ಯವಾಗಿ ಈ ಒಂದು ಪುಟಕ್ಕಾಗಿ.

ಆಗ ಜರ್ಮನಿಯಲ್ಲಿ ಉಸಿರಾಟದ ಬಗ್ಗೆ ದೊಡ್ಡ ವಾದ ನಡೆದಿತ್ತು. ಕಬ್ಬಿಣವುಳ್ಳ ಒಂದು ಕಿಣ್ವವು ಆಮ್ಲಜನಕವನ್ನೇ ಎಚ್ಚರಿಸಿ ಕೆಲಸಕ್ಕೆ ಹಚ್ಚುತ್ತದೆ ಎಂದು ಆಟೋ ವಾರ್‌ಬುರ್ಗರು. ಅಲ್ಲ, ಆಹಾರದಲ್ಲಿರುವ ಜಲಜನಕವನ್ನು ಸಡಿಲಿಸುವುದೇ ಕಿಣ್ವದ ಕೆಲಸ, ಆಮ್ಲಜನಕವು ಬಂದದ್ದನ್ನು ಸ್ವೀಕರಿಸುವುದಷ್ಟೇ ಎಂದು ಹೈನ್ರಿಕ್ ವೀಲಾಂಡರು. ಕೇಲಿನ್ನರು ಯೀಸ್ಟಿನ ನಳಿಗೆಗೆ ಸ್ವಲ್ಪ ಸಯನೈಡ್ ಹಾಕಿದರು. ಈಗ ಎಷ್ಟು ಕುಲುಕಿದರೂ ಗೆರೆಗಳು ಅಳಿಯಲಿಲ್ಲ: ಎಲೆಕ್ಟ್ರಾನುಗಳು ಆಮ್ಲಜನಕದತ್ತ ಹೋಗುವ ಬಾಗಿಲು ಮುಚ್ಚಿತ್ತು. ಇನ್ನೊಂದು ನಳಿಗೆಗೆ ಯುರಿಥೇನ್ ಎಂಬ ಮತ್ತು ಬರಿಸುವ ಔಷಧವನ್ನು ಹಾಕಿದರು. ಇಲ್ಲಿ ಒಮ್ಮೆ ಅಳಿದ ಗೆರೆಗಳು ಮತ್ತೆ ಮೂಡಲೇ ಇಲ್ಲ: ಆಹಾರದಿಂದ ಬರುವ ಬಾಗಿಲು ಮುಚ್ಚಿತ್ತು. ಹಾಗಾದರೆ ಬಾಗಿಲು ಎರಡಿವೆ. ನಡುವೆ ಸೈಟೋಕ್ರೋಮ್ ಇದೆ. ವೀಲಾಂಡರು ಒಂದು ಬಾಗಿಲಲ್ಲಿಯೂ ವಾರ್‌ಬುರ್ಗರು ಇನ್ನೊಂದರಲ್ಲಿಯೂ ನಿಂತು ಜಗಳವಾಡುತ್ತಿದ್ದರು! ಆಹಾರದ ಕಡೆಯಲ್ಲಿ ಕಿಣ್ವಗಳು ಹಲವು. ಒಂದೊಂದೂ ತನಗೆ ಒಗ್ಗುವ ವಸ್ತುವಿನಿಂದ ಮಾತ್ರ ಜಲಜನಕವನ್ನು ಕೀಳುತ್ತದೆ. ಸಕ್ಸಿನಿಕ್ ಆಮ್ಲದ ಕಿಣ್ವ ಲ್ಯಾಕ್ಟಿಕ್ ಆಮ್ಲವನ್ನು ಮುಟ್ಟದು. ಆದರೆ ಸೈಟೋಕ್ರೋಮ್‌ಗಳು ಒಂದರಿಂದೊಂದಕ್ಕೆ ಕೈದಾಟಿಸಿದ ಎಲೆಕ್ಟ್ರಾನುಗಳನ್ನು ಕೊನೆಯಲ್ಲಿ ಆಮ್ಲಜನಕಕ್ಕೆ ಒಪ್ಪಿಸುವ ಕೆಲಸ ಒಂದೇ ಕಿಣ್ವದ್ದು, ಸೈಟೋಕ್ರೋಮ್ ಆಕ್ಸಿಡೇಸ್.

ಈ ಕೊನೆಯ ಕಿಣ್ವವು ಏಕೆ ಬೇಕೆಂಬುದು ಈಗ ಚೆನ್ನಾಗಿ ತಿಳಿದಿದೆ. ಆಮ್ಲಜನಕದ ಅಣುವಿನಲ್ಲಿ ಜೊತೆಯಿಲ್ಲದ ಎರಡು ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ತಿರುಗುತ್ತಿರುತ್ತವೆ. ಆಹಾರದ ಅಣುಗಳಲ್ಲಿ ಎಲೆಕ್ಟ್ರಾನುಗಳೆಲ್ಲ ಜೋಡಿ ಜೋಡಿ. ಜೋಡಿಯನ್ನು ಒಟ್ಟಿಗೆ ಸ್ವೀಕರಿಸುವುದು ಆಮ್ಲಜನಕಕ್ಕೆ ಕಷ್ಟ. ಅಟ್ಟದ ಮೇಲಿನ ಬೆಲ್ಲ ಉಳಿದುಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣವೇ ಇದು. ಕಬ್ಬಿಣ, ತಾಮ್ರಗಳಂಥ ಲೋಹಗಳು ಎಲೆಕ್ಟ್ರಾನನ್ನು ಒಂದೊಂದಾಗಿ ಕೊಡಬಲ್ಲವು. ಸೈಟೋಕ್ರೋಮ್ ಆಕ್ಸಿಡೇಸು ಕಬ್ಬಿಣ ತಾಮ್ರಗಳ ನಡುವೆ ಆಮ್ಲಜನಕವನ್ನು ಹಿಡಿದು, ನಾಲ್ಕು ಎಲೆಕ್ಟ್ರಾನುಗಳನ್ನು ತುಂಬಿ, ಎರಡು ಅಣು ನೀರಾಗಿಸಿಯೇ ಕಳುಹಿಸುತ್ತದೆ. ಅರೆಬರೆಯಾಗಿ ಬಿಟ್ಟರೆ ಅದು ವಿಷ.

ವಾರ್‌ಬುರ್ಗರು ಮೊದಮೊದಲು ಸೈಟೋಕ್ರೋಮಿಗೆ ಮಹತ್ವ ಕೊಡಲಿಲ್ಲ. 1931ರಲ್ಲಿ ನೊಬೆಲ್ ಪಾರಿತೋಷಕ ಅವರೊಬ್ಬರಿಗೇ ಬಂತು. ಅದು ಅನರ್ಹವೆಂದು ಯಾರೂ ಹೇಳಲಾರರು. ಆದರೂ ಆ ಪಾರಿತೋಷಕದಲ್ಲಿ ಅರ್ಧ ಕೇಂಬ್ರಿಜ್ಜಿಗೆ ಸಲ್ಲಬೇಕಿತ್ತೆಂದು ನನ್ನ ಅಭಿಪ್ರಾಯ. ಕೇಲಿನ್ನರಿಗೆ ಅದು ಎಂದೂ ಬರಲಿಲ್ಲ. ಅದೇ ವರ್ಷ ಅವರು ನಟಾಲರ ಪೀಠಕ್ಕೆ ಬಂದು ಸಂಸ್ಥೆಯ ನಿರ್ದೇಶಕರಾದರು. 1939ರಲ್ಲಿ ಅವರೂ ಸಹಾಯಕ ಹಾರ್ಟ್ರಿಯವರೂ ಹೃದಯದ ಸ್ನಾಯುವನ್ನು ಮರಳಿನೊಡನೆ ಅರೆದು ತಯಾರಿಸಿದ ದ್ರವದಲ್ಲಿ ವಾರ್‌ಬುರ್ಗರ ಕಿಣ್ವದ ಗುಣಗಳುಳ್ಳ ಒಂದು ಸೈಟೋಕ್ರೋಮನ್ನು ಗುರುತಿಸಿದರು. ಎದುರಾಳಿಯ ಮಾತೂ ನಿಜವೇ ಎಂದು ತೋರಿಸಿಕೊಟ್ಟಂತಾಯಿತು.

ಬದನೆಕಾಯಿಯನ್ನು ಹೆಚ್ಚಿದ ಕೂಡಲೇ ತಾಯಂದಿರು ನೀರಿಗೆ ಹಾಕುವುದೇಕೆ? ಹೋಳು ಕಪ್ಪಾಗಬಾರದೆಂದು. ಕಪ್ಪಾಗಿಸುವುದು ಗಾಳಿಯ ಆಮ್ಲಜನಕವನ್ನು ಫೀನಾಲ್ ಜಾತಿಯ ವಸ್ತುಗಳ ಮೇಲೆ ಪ್ರಯೋಗಿಸುವ ಒಂದು ಕಿಣ್ವ. ಕೇಲಿನ್ನರೂ ಥ್ಯಾಡಿಯಸ್ ಮ್ಯಾನ್ನರೂ 1938ರಲ್ಲಿ ಈ ಜಾತಿಯ ಕಿಣ್ವವನ್ನು ಅಣಬೆಯಿಂದ ಶುದ್ಧಗೊಳಿಸಿ ಅದರಲ್ಲಿ ತಾಮ್ರವಿದೆಯೆಂದು ತೋರಿಸಿದರು. ಮರುವರ್ಷ ಅರಗಿನ ಮೆರುಗೆಣ್ಣೆ ಕೊಡುವ ಮರದ ಹಾಲಿನಿಂದ ನೀಲಿಬಣ್ಣದ ಇನ್ನೊಂದು ತಾಮ್ರದ ಕಿಣ್ವವನ್ನು ಪಡೆದರು. ದನದ ರಕ್ತದಲ್ಲಿಯೂ ತಾಮ್ರವುಳ್ಳ ಒಂದು ಪ್ರೋಟೀನು ಸಿಕ್ಕಿತು, ಆದರೆ ಅದರ ಕೆಲಸವೇನೆಂದು ತಿಳಿಯಲಿಲ್ಲ. ತಿಳಿಯದೆಂದೇ ಪ್ರಕಟಿಸಿದರು. ಮೂವತ್ತೊಂದು ವರ್ಷಗಳ ಮೇಲೆ, 1969ರಲ್ಲಿ, ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬುವರು ಉತ್ತರ ಕಂಡುಹಿಡಿದರು: ಅರೆಬರೆಯಾಗಿ ಎಲೆಕ್ಟ್ರಾನ್ ಹೊತ್ತ ವಿಷದ ಆಮ್ಲಜನಕವನ್ನು ಹಿಡಿದು ಅಳಿಸುವ ಕಾವಲುಗಾರ ಅದು.

ಕಿಣ್ವದ ಆಯ್ಕೆ ಎಷ್ಟು ನಿಷ್ಠುರವೆಂಬುದಕ್ಕೆ ಗ್ಲೂಕೋಸ್ ಆಕ್ಸಿಡೇಸಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪೆನಿಸಿಲಿನ್ ಜಾತಿಯ ಬೂಸ್ಟಿನಿಂದ ದೊರೆಯುವ ಇದನ್ನು ಕೇಲಿನ್-ಹಾರ್ಟ್ರಿಯವರು 1948ರಿಂದ 1952ರವರೆಗೆ ಪರೀಕ್ಷಿಸಿದರು. ಗ್ಲೂಕೋಸಿನ ಅಣುವಿಗೆ ಆಲ್ಫಾ, ಬೀಟಾ ಎಂಬ ಎರಡು ರೂಪ. ಭೇದವೆಂದರೆ ಮೊದಲನೆಯ ಇಂಗಾಲಕ್ಕೆ ಅಂಟಿದ ಒಂದು ಗುಂಪು ಕೆಳಮುಖವಾಗಿದೆಯೇ ಮೇಲ್ಮುಖವಾಗಿದೆಯೇ ಎಂಬುದಷ್ಟೆ. ಬೀಟಾ ರೂಪವು ಉರಿಯುವ ವೇಗವನ್ನು 100 ಎಂದಿಟ್ಟುಕೊಂಡರೆ ಆಲ್ಫಾದ್ದು 0.64! ಎಡಗಾಲಿನ ಜೋಡು ಬಲಗಾಲಿಗೆ ಹತ್ತದಂತೆ. ಈ ಕಿಣ್ವವು ಗ್ಲೂಕೋಸಿನ ಎರಡು ಜಲಜನಕಗಳನ್ನು ಮೊದಲು ತನ್ನಲ್ಲಿರುವ ಹಳದಿ ವಸ್ತುವಿಗೆ ಏರಿಸಿಕೊಂಡು, ಬಳಿಕ ಆಮ್ಲಜನಕಕ್ಕೆ ಇಳಿಸುತ್ತದೆ. ಆಗ ಉಂಟಾಗುವುದು ಹೈಡ್ರೋಜನ್ ಪೆರಾಕ್ಸೈಡ್. ಇಷ್ಟು ಕಟ್ಟುನಿಟ್ಟಾದ ಕಿಣ್ವದಿಂದ ಬೇರೆ ಸಕ್ಕರೆಗಳ ನಡುವೆಯೂ ಗ್ಲೂಕೋಸನ್ನೇ ಅಳೆಯಬಹುದೆಂದು ಅವರು 1948ರಲ್ಲಿಯೇ ತೋರಿಸಿದರು. ಇಂದು ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮುಟ್ಟಿಸುವ ಪಟ್ಟಿಗಳಲ್ಲಿ ಅನೇಕವು ಈ ಕಿಣ್ವದಿಂದಲೇ ಕೆಲಸ ಮಾಡುತ್ತವೆ.

1951ರಲ್ಲಿ ರಾಯಲ್ ಸೊಸೈಟಿಯು ಅವರಿಗೆ ಕಾಪ್ಲಿ ಪದಕವನ್ನಿತ್ತಿತು. ಮರುವರ್ಷ ನಿವೃತ್ತರಾದರೂ ಪ್ರಯೋಗಶಾಲೆಯನ್ನು ಬಿಡಲಿಲ್ಲ. ಹಿಂದೆ, ಪ್ರೋಟೀನಿನ ರಚನೆಯನ್ನು ಹುಡುಕುತ್ತಿದ್ದ ಮ್ಯಾಕ್ಸ್ ಪೆರುಟ್ಸರಿಗೆ ಜಾಗ ಕೊಟ್ಟವರೂ, 1947ರಲ್ಲಿ ಅವರ ಕೆಲಸಕ್ಕೆ ಹಣ ದೊರಕುವಂತೆ ದಾರಿ ಸೂಚಿಸಿದವರೂ ಕೇಲಿನ್ನರೇ. 1958ರಲ್ಲಿ ಕೊಟ್ಟ ಒಂದು ದೊಡ್ಡ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ವಿಚಿತ್ರವಾದದ್ದು: ಒಣಗಿಹೋಗಿ, ಉಸಿರಾಟದ ಸುಳಿವೇ ಇಲ್ಲದೆ ಬಿದ್ದಿದ್ದು, ನೀರು ಬಿದ್ದೊಡನೆ ಮತ್ತೆ ಹರಿದಾಡುವ ಸೂಕ್ಷ್ಮಪ್ರಾಣಿಗಳು. ಆ ಗುಪ್ತಜೀವನಕ್ಕೆ ಕ್ರಿಪ್ಟೊಬಯೋಸಿಸ್ ಎಂಬ ಹೆಸರು ಕೊಟ್ಟವರು ಅವರೇ.

ಕೊನೆಯ ವರ್ಷಗಳಲ್ಲಿ ಜೀವಕೋಶದ ಉಸಿರಾಟದ ಶೋಧನೆಯ ಇತಿಹಾಸವನ್ನು ಬರೆಯುತ್ತಿದ್ದರು. ಅದು ಮುಗಿಯುವ ಮೊದಲೇ, 1963ನೆಯ ಇಸವಿ ಫೆಬ್ರವರಿ 27ರಂದು, ಕೇಂಬ್ರಿಜ್ಜಿನಲ್ಲಿ ತೀರಿಕೊಂಡರು. ಮಗಳು ಜೋನ್ ಕೇಲಿನ್ನರು ಹಸ್ತಪ್ರತಿಯನ್ನು ಸಿದ್ಧಗೊಳಿಸಿ 1966ರಲ್ಲಿ ಹೊರತಂದರು. ಹುಲ್ಲಿನಟ್ಟದ ವೈದ್ಯ ಮ್ಯಾಕ್‌ಮನ್ನರ ಕತೆ ಅದರಲ್ಲಿ ವಿಸ್ತಾರವಾಗಿ ಬಂದಿದೆ.