ಎಲೆ ಹಾಸಿಗೆ ಎಣಿಸಿದ ಡಯಾನ್ ಫಾಸಿ

ಸರ್ವೇ ಅಂದ ತಕ್ಷಣ ನಮ್ಮ ಸಿವಿಲ್ ಫ್ರೆಂಡ್ಸ್‌ಗೆ ನೆನಪಾಗೋದು ಟ್ರೈಪಾಡ್ ಹೊತ್ತು ಬಿಸಿಲಲ್ಲಿ ನಿಲ್ಲೋದು. ಡಯಾನ್ ಫಾಸಿ ಮಾಡಿದ ಸರ್ವೇ ಬೇರೆ ಥರ. ಅವರು ಎಣಿಸಿದ್ದು ಗೊರಿಲ್ಲಾಗಳು ಮಲಗಿ ಎದ್ದುಹೋದ ಹಾಸಿಗೆಗಳನ್ನು.

1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಡಯಾನ್ ಮೊದಲು ಮಕ್ಕಳ ಆಸ್ಪತ್ರೆಯಲ್ಲಿ ಥೆರಪಿಸ್ಟ್ ಆಗಿದ್ದರು. 1963ರಲ್ಲಿ ಸಾಲ ಮಾಡಿ ಆಫ್ರಿಕಾ ನೋಡೋಕೆ ಹೋದಾಗ ಪಳೆಯುಳಿಕೆ ತಜ್ಞ ಲೂಯಿಸ್ ಲೀಕಿಯವರ ಪರಿಚಯವಾಯ್ತು. ಮುಂದೆ ಅವರೇ ಗೊರಿಲ್ಲಾ ಅಧ್ಯಯನಕ್ಕೆ ಇವರನ್ನು ಆರಿಸಿದರು. 1967ರಲ್ಲಿ ಕಾಂಗೋದಲ್ಲಿ ಕೆಲಸ ಶುರು ಮಾಡಿ ಆರು ತಿಂಗಳಾಗಿತ್ತಷ್ಟೇ, ಗಲಭೆ ಎದ್ದು ಸೈನಿಕರು ಬಂದು ಬೆಟ್ಟದಿಂದ ಇಳಿಸಿದರು. ನಾನಾಗಿದ್ರೆ ಸೀದಾ ಮನೆಗೆ ಟಿಕೆಟ್ ಬುಕ್ ಮಾಡ್ತಿದ್ದೆ! ಡಯಾನ್ ಅದೇ ವಿರುಂಗಾ ಬೆಟ್ಟಸಾಲಿನ ರುವಾಂಡಾ ಕಡೆ ಹೋಗಿ, ಸೆಪ್ಟೆಂಬರ್ 24ರಂದು ಸುಮಾರು 3000 ಮೀಟರ್ ಎತ್ತರದಲ್ಲಿ ಮತ್ತೆ ಟೆಂಟ್ ಹಾಕಿದರು. ಕರಿಸಿಂಬಿ, ವಿಸೋಕೆ ಎಂಬ ಎರಡು ಜ್ವಾಲಾಮುಖಿಗಳ ನಡುವಿನ ಜಾಗ. ಹೆಸರೂ ಎರಡನ್ನೂ ಸೇರಿಸಿ ಕರಿಸೋಕೆ.

ದಟ್ಟ ಕಾಡಿನಲ್ಲಿ ಗೊರಿಲ್ಲಾ ಎದುರಿಗೆ ಸಾಲಾಗಿ ನಿಲ್ಲಲ್ಲ. ಆದರೆ ಪ್ರತಿ ಸಂಜೆ ಗಿಡ ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತೆ. ಮರಿ ಮಾತ್ರ ತಾಯಿ ಜೊತೆ. ಬೆಳಿಗ್ಗೆ ಹೋಗುವಾಗ ಅಲ್ಲೇ ಲದ್ದಿ ಹಾಕಿರುತ್ತೆ. ಹಾಸಿಗೆ ಎಣಿಸಿದರೆ ಗುಂಪಿನ ಲೆಕ್ಕ, ಲದ್ದಿಯ ಗಾತ್ರ ನೋಡಿದರೆ ವಯಸ್ಸಿನ ಅಂದಾಜು, ಬೆಳ್ಳಿ ಕೂದಲು ಸಿಕ್ಕರೆ ದೊಡ್ಡ ಗಂಡು. ಒಂದೇ ಗುಂಪನ್ನು ಎರಡು ಸಲ ಎಣಿಸಿಬಿಟ್ರೆ ಎಲ್ಲಾ ಹಾಳು, ಅದಕ್ಕೇ ಹಲವು ರಾತ್ರಿಗಳ ಹಾಸಿಗೆ ತಾಳೆ ನೋಡಬೇಕು. ಪರಿಚಯದ ಗೊರಿಲ್ಲಾಗಳನ್ನು ಡಯಾನ್ ಮೂಗಿನ ಗೆರೆಗಳಿಂದ ಗುರುತಿಸುತ್ತಿದ್ದರು, ನಮ್ಮ ಬೆರಳಚ್ಚಿನ ಹಾಗೆ.

ಲೆಕ್ಕ ಮಾತ್ರ ಇಳೀತಾನೇ ಹೋಯ್ತು. 1960ರ ಹೊತ್ತಿಗೆ ವಿರುಂಗಾದಲ್ಲಿ ಸುಮಾರು 450 ಇದ್ದವು. 1981ಕ್ಕೆ 250ರ ಆಸುಪಾಸು. ಜಿಂಕೆಗೆ ಇಟ್ಟ ಉರುಲಿಗೆ ಗೊರಿಲ್ಲಾ ಕೈ ಸಿಕ್ಕಿಕೊಳ್ತಿತ್ತು. 1969ರಲ್ಲಿ ಪಾರ್ಕಿನ ದೊಡ್ಡ ಭಾಗವನ್ನೇ ಪೈರೆಥ್ರಮ್ ಹೂವಿನ ಬೆಳೆಗೆ ಕೊಟ್ಟರು. ಆ ಹೂವಿಂದ ಕೀಟನಾಶಕ ಮಾಡ್ತಾರೆ.

1977ರ ಕೊನೇ ದಿನ ಅವರ ಪ್ರೀತಿಯ ಡಿಜಿಟ್‌ನನ್ನು ಬೇಟೆಗಾರರು ಕೊಂದು ತಲೆ, ಕೈ ಕತ್ತರಿಸಿಕೊಂಡು ಹೋದರು. ಆಮೇಲೆ ಡಯಾನ್ ಇನ್ನೂ ಕಠಿಣವಾದರು. ಉರುಲು ಕಿತ್ತುಹಾಕಿದ್ದು ಸರಿ. ಆದರೆ ಸಿಕ್ಕಿಬಿದ್ದವರನ್ನು ಹೊಡೆದದ್ದು, ಹೆದರಿಸಿದ್ದು ನನಗೆ ಒಪ್ಪಿಗೆಯಾಗಲ್ಲ. ಸುತ್ತಲಿನವರು ಒಂದು ತುಂಡು ಹೊಲ ಇದ್ದ ಬಡ ರೈತರು. ಅವರ ಪಾಡನ್ನೂ ಇಷ್ಟೇ ಗಮನವಿಟ್ಟು ನೋಡಿದ್ದರೆ ಅಂತ ಅನಿಸುತ್ತೆ. ಹಾಗಂತ ಅವರು ಇಲ್ಲದಿದ್ದರೆ ಡಿಜಿಟ್ ಸತ್ತಿದ್ದು ಜಗತ್ತಿಗೆ ಗೊತ್ತೂ ಆಗ್ತಿರಲಿಲ್ಲ.

1985ರ ಡಿಸೆಂಬರ್ ಕೊನೆಯಲ್ಲಿ ಕರಿಸೋಕೆಯ ಅವರ ಕ್ಯಾಬಿನ್‌ನಲ್ಲೇ ಯಾರೋ ಡಯಾನ್‌ರನ್ನು ಕೊಂದರು. ಕೊಂದವರ ಬಗ್ಗೆ ಇನ್ನೂ ವಾದ ಮುಗಿದಿಲ್ಲ. ಅವರನ್ನು ಮಣ್ಣು ಮಾಡಿದ್ದು ಡಿಜಿಟ್ ಪಕ್ಕದಲ್ಲೇ.

2015-16ರ ಗಣತಿಯಲ್ಲಿ ವಿರುಂಗಾದಲ್ಲಿ 604 ಗೊರಿಲ್ಲಾಗಳ ಲೆಕ್ಕ ಸಿಕ್ಕಿತು. ಈಗಲೂ ಹಾಸಿಗೆ ಹುಡುಕಿಕೊಂಡೇ ಹೋಗ್ತಾರೆ. ಜೊತೆಗೆ ಲದ್ದಿಯ ಡಿಎನ್ಎ ಟೆಸ್ಟ್ ಇದೆ, ಎರಡೆರಡು ಸಲ ಎಣಿಸೋ ತಲೆನೋವು ಕಮ್ಮಿ.