ಸಂಬಳಕ್ಕಾಗಿ ಬಂದು ಗ್ರಂಥಾಲಯದಲ್ಲೇ ಉಳಿದ ರಂಗನಾಥನ್

ಪಿಯುಸಿ ಮುಗಿದ ಮೇಲೆ ಏನು ಓದುತ್ತೀಯ ಎಂದು ಯಾರಾದರೂ ಕೇಳಿದರೆ, ಕಾಮರ್ಸ್‌ನವರಾದ ನಾವು ಸಿಎ, ಬ್ಯಾಂಕ್ ಅಥವಾ ಅಂಗಡಿ ಎನ್ನುತ್ತೇವೆ. ಗ್ರಂಥಪಾಲಕನಾಗುತ್ತೇನೆ ಎಂದವರನ್ನು ನಾನು ಕಂಡಿಲ್ಲ. ನಾನು ಹಾಗೆಂದಾಗ ಅಬ್ಬಾ, ಕುತುಬ್‌ಖಾನಾದಲ್ಲಿ ಕುಳಿತರೆ ಮನೆ ನಡೆಯುತ್ತದೆಯೇ ಎಂದು ಕೇಳಿದರು. ಆ ಪ್ರಶ್ನೆ ತಪ್ಪಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರೂ ಈ ಕೆಲಸಕ್ಕೆ ಅರ್ಜಿ ಹಾಕಿದ್ದು ಸಂಬಳದ ಅಗತ್ಯದಿಂದಲೇ.

ಅವರು 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಓದಿದ್ದು ಗಣಿತ. ಉಗ್ಗು ಇದ್ದರೂ ಒಳ್ಳೆಯ ಅಧ್ಯಾಪಕರಾದರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಿದರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಅಲ್ಲಿಯ ಒಂಟಿತನ ಕೆಲವೇ ದಿನಗಳಲ್ಲಿ ಬೇಸರ ತಂದಿತು. ನನ್ನನ್ನು ಮತ್ತೆ ಪಾಠಕ್ಕೆ ಕರೆಸಿಕೊಳ್ಳಿ ಎಂದು ಹಳೆಯ ಕಾಲೇಜಿಗೆ ಹೋಗಿ ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ತರಬೇತಿ ಪಡೆಯಿರಿ, ಆಮೇಲೂ ಬೇಡವೆನಿಸಿದರೆ ಬನ್ನಿ ಎಂಬ ಒಪ್ಪಂದವಾಯಿತು.

ಲಂಡನ್ನಿನಲ್ಲಿ ಹಲವು ಗ್ರಂಥಾಲಯಗಳನ್ನು ಸುತ್ತಿ ನೋಡಿದ ಮೇಲೆ ಅವರ ಮನಸ್ಸೇ ಬದಲಾಯಿತು. ಗ್ರಂಥಾಲಯವೆಂದರೆ ಪುಸ್ತಕದ ಗೋದಾಮಲ್ಲ, ಜನರ ಬದುಕು ಬದಲಿಸುವ ಜಾಗ ಎಂದು ಅವರಿಗೆ ಅರಿವಾಯಿತು. 1925ರಲ್ಲಿ ಮರಳಿ ಬಂದು ಸುಮಾರು 20 ವರ್ಷ ಅದೇ ಹುದ್ದೆಯಲ್ಲಿ ದುಡಿದರು. ಓದುಗರೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ಆರಿಸಿಕೊಳ್ಳುವಂತೆ ಮಾಡಿದರು. 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗಾಗಿ ಎಂಬುದೇ ಅವುಗಳಲ್ಲಿ ಮೊದಲನೆಯದರ ತಿರುಳು. ನಮ್ಮ ಲೆಕ್ಕಶಾಸ್ತ್ರದಲ್ಲಿ ಹೇಳುವುದಾದರೆ, ಮಾರಾಟವಾಗದೆ ಉಳಿದ ಸರಕು ಅಂಗಡಿಗೆ ಹೇಗೆ ಭಾರವೋ, ಯಾರೂ ಓದದ ಪುಸ್ತಕವೂ ಹಾಗೆಯೇ. 1933ರಲ್ಲಿ ಅವರ ಕೋಲನ್ ವರ್ಗೀಕರಣ ಬಂತು. ಲಂಡನ್ನಿನ ಅಂಗಡಿಯಲ್ಲಿ ಕಂಡ, ಬಿಡಿ ತುಂಡುಗಳನ್ನು ಜೋಡಿಸುವ ಮೆಕ್ಯಾನೋ ಆಟಿಕೆಯೇ ಅದಕ್ಕೆ ಸ್ಫೂರ್ತಿ.

ಸಂಬಳಕ್ಕಾಗಿ ಬಂದ ಈ ವ್ಯಕ್ತಿ ಮುಂದೆ ಜೀವಮಾನದ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಶ್ರಮವಿದೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿದ್ದು ಆ ಕಾಯ್ದೆಯಿಂದ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಬಡ ಹುಡುಗನೂ ಪತ್ರಿಕೆ ಓದಲು ಕಾಸು ಕೊಡಬೇಕಿಲ್ಲ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ದೇಶವೆಲ್ಲ ಆಚರಿಸುತ್ತದೆ.

ಕೆಲಸದ ಮೇಲೆ ಪ್ರೀತಿ ಮೊದಲೇ ಇರಬೇಕೆಂದಿಲ್ಲ, ಕಲಿತ ಮೇಲೂ ಹುಟ್ಟಬಹುದು ಎಂದು ಅವರ ಜೀವನದಿಂದ ನಾನು ತಿಳಿದುಕೊಂಡೆ. ಬಿಕಾಂ ಮುಗಿಸಿದವರೂ ಗ್ರಂಥಾಲಯ ವಿಜ್ಞಾನದ ಪದವಿಗೆ ಸೇರಬಹುದು. ಅಬ್ಬಾಗೆ ಇಷ್ಟನ್ನೂ ಹೇಳಿದ್ದೇನೆ. ಮೊದಲು ಬಿಕಾಂ ಮುಗಿಸು, ಆಮೇಲೆ ನೋಡೋಣ ಎಂದಿದ್ದಾರೆ. ರಂಗನಾಥನ್ ಅವರಿಗೆ ಸಿಕ್ಕ ಒಪ್ಪಂದವೂ ಹೆಚ್ಚುಕಡಿಮೆ ಇಂಥದ್ದೇ.