ಮಲೆನಾಡಿನ ಗಿಡಗಳ ವೈದ್ಯ: ಡಾ. ಲೆಸ್ಲಿ ಕೋಲ್ಮನ್

ದಿನವೊಂದಕ್ಕೆ ನೂರಾರು ಲೋಟ ಕಾಫಿಯನ್ನು ಸೋಸಿ, ಹದ ನೋಡಿ, ಗಿರಾಕಿಗಳ ಮುಂದಿಡುವ ಕೈಗಳು ನಮ್ಮವರವು. ದೇವಳಾಲಿ ಕ್ಯಾಂಪಿನಲ್ಲಾಗಲಿ ನಾಸಿಕದಲ್ಲಾಗಲಿ ಚಹವೇ ದೊರೆಯಾದರೂ, ದಕ್ಷಿಣದವರ ಹೋಟೆಲೆಂದ ಮೇಲೆ ಕಾಫಿ ಇರಲೇಬೇಕು. ಅದರ ಕಥೆಯನ್ನು ಕೇಳಿದವರಿಗೆ ನಾವು ಬಾಬಾ ಬುಡನರನ್ನೂ, ಅವರು ಮೋಖಾದಿಂದ ತಂದರೆಂಬ ಪ್ರತೀತಿಯ ಏಳು ಬೀಜಗಳನ್ನೂ ಹೇಳುತ್ತೇವೆ. ತಂದವರನ್ನು ನೆನೆಯುವುದು ಉಚಿತವೇ. ಆದರೆ ತಂದ ಗಿಡ ಸಾಯದಂತೆ ಕಾದವರನ್ನು ಮರೆಯುವುದು ಉಚಿತವಲ್ಲ. ಅಂಥವರಲ್ಲಿ ಡಾ. ಲೆಸ್ಲಿ ಕೋಲ್ಮನ್ ಅಗ್ರಗಣ್ಯರು.

ಕೋಲ್ಮನ್ನರು ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಸಸ್ಯಗಳ ರೋಗವನ್ನೂ ಕೀಟಗಳನ್ನೂ ಪರೀಕ್ಷಿಸುವುದು ಅವರ ಕೆಲಸ. ಹಿಮ ಬೀಳುವ ನಾಡಿನಿಂದ ಬಂದ ತರುಣನಿಗೆ ಅಡಕೆಯೂ ಹೊಸದು, ಕಾಫಿಯೂ ಹೊಸದು, ಮಲೆನಾಡಿನ ಮಳೆಯೂ ಹೊಸದು. ಆದರೂ ಜೋಳದ ಪೈರನ್ನು ತಿನ್ನುವ ರೆಕ್ಕೆಯಿಲ್ಲದ ಮಿಡತೆಯನ್ನು ಅವರು ಎಷ್ಟು ಶ್ರದ್ಧೆಯಿಂದ ಅಭ್ಯಸಿಸಿದರೆಂದರೆ, ವಿಜ್ಞಾನಿಗಳು ಅದರ ಕುಲಕ್ಕೆ ಅವರ ಹೆಸರನ್ನೇ ಇಟ್ಟು ಕೋಲ್ಮೇನಿಯಾ ಎಂದು ಕರೆದರು.

ಅಡಕೆಯ ಕೊಳೆರೋಗ ಎಂದರೇನೆಂಬುದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಎಳೆಗಾಯಿ ಕೊಳೆತು ಉದುರಿದ ವರ್ಷ ಮನೆಯಲ್ಲಿ ಸಾಲ ಹುಟ್ಟುತ್ತಿತ್ತು; ಸಾಲ ಹುಟ್ಟಿದ ಮನೆಯ ಹುಡುಗ ಊರು ಬಿಡುತ್ತಿದ್ದ. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೊಂದೇ ಅಂದು ಬೆಳೆಗಾರರಿಗೆ ತಿಳಿದಿದ್ದ ಉಪಾಯ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳಿಗೆ ಸಿಂಪಡಿಸಿದರೆ ರೋಗ ತಡೆಯಬಹುದೆಂದು ಕೋಲ್ಮನ್ನರು ತೋರಿಸಿಕೊಟ್ಟರು. ನೀಲಿ ನೀರಿನಿಂದ ಫಸಲು ಉಳಿಯುತ್ತದೆಂದು ನಂಬುವುದು ಅಂದಿನವರಿಗೆ ಸುಲಭವಾಗಿರಲಾರದು. ಆದರೆ ಉಳಿದ ಗೊನೆಯೇ ಸಾಕ್ಷಿ ಹೇಳಿತು. ಶತಮಾನ ಕಳೆದರೂ ಮಲೆನಾಡಿನಲ್ಲಿ ಆ ಸಿಂಪಡಣೆ ನಿಂತಿಲ್ಲ.

ಕಾಫಿಯ ಸಂಕಟ ಇನ್ನೂ ದೊಡ್ಡದು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಎರಡೇ ದಶಕಗಳಲ್ಲಿ ಅಲ್ಲಿನ ಕಾಫಿಯನ್ನು ನಾಶಮಾಡಿ, ಆ ದ್ವೀಪವನ್ನು ಚಹದ ನಾಡಾಗಿಸಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿ ಎಲೆ ಉದುರುತ್ತದೆ. ಬೋಳಾದ ರೆಂಬೆ ಮರುವರ್ಷ ಫಲ ಕೊಡದು. ಮೈಸೂರಿನಲ್ಲಿ ಇದರೊಡನೆ ಕಾಂಡಕೊರಕ ಹುಳವೂ ಸೇರಿ, ಹಳೆಯ ಚಿಕ್ ತಳಿ ಅಳಿಯಿತು. ಅದರ ಸ್ಥಾನಕ್ಕೆ ಬಂದ ಕೊಡಗು ತಳಿಯೂ ಸೊರಗಿತು. ಅದೇ ಕಾಲಕ್ಕೆ, ತುಕ್ಕಿನ ಕಾಟವನ್ನೇ ಅರಿಯದ ಬ್ರೆಜಿಲ್ ದೇಶದ ಕಾಫಿ ಸಾಂಟೋಸ್ ಬಂದರಿನಿಂದ ಹಡಗು ಹಡಗಾಗಿ ಹೊರಟು, 1890ರ ದಶಕದ ಕೊನೆಗೆ ಲೋಕದ ಬೆಲೆಯನ್ನೇ ಕುಸಿಯುವಂತೆ ಮಾಡಿತು. ಇತ್ತ ರೋಗ, ಅತ್ತ ಬೆಲೆ. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿ, ಎಷ್ಟೇ ಜಾಣ್ಮೆಯಿಂದ ಹದಗೊಳಿಸಿದರೂ ಗಿಡವೇ ಇಲ್ಲದ ಮೇಲೆ ಹಡಗಿಗೆ ಏರಿಸುವುದೇನನ್ನು?

1913ರಲ್ಲಿ ಕೋಲ್ಮನ್ನರು ಕೃಷಿ ಇಲಾಖೆಯ ನಿರ್ದೇಶಕರಾದರು. 1915ರಲ್ಲಿ ಕೊಪ್ಪದಲ್ಲಿ ಕಾಫಿಯ ರೋಗಗಳ ಪರಿಶೀಲನೆಗೆ ತಾತ್ಕಾಲಿಕ ಘಟಕವೊಂದು ನಡೆಯಿತು. ಆದರೆ ಕಾಫಿ ಗಿಡ ವರ್ಷದ ಬೆಳೆಯಲ್ಲ. ಬಿತ್ತಿದವನು ಫಲಕ್ಕಾಗಿ ನಾಲ್ಕಾರು ವರ್ಷ ಕಾಯಬೇಕು, ತಳಿ ಪರೀಕ್ಷಿಸುವವನು ದಶಕಗಳನ್ನೇ ಕಾಯಬೇಕು. ತಾತ್ಕಾಲಿಕ ಏರ್ಪಾಡಿನಿಂದ ಆಗದ ಆ ಕೆಲಸಕ್ಕೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಶಾಶ್ವತ ಪ್ರಯೋಗಕೇಂದ್ರ ಸ್ಥಾಪನೆಯಾಯಿತು. ತುಕ್ಕು ರೋಗದ ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲಿ ಹಲವು ಪಂಗಡಗಳಿವೆ ಎಂಬುದನ್ನು 1930ರ ದಶಕದಲ್ಲಿ ಮೇನ್ ಎಂಬ ವಿಜ್ಞಾನಿ ಕಂಡುಕೊಂಡದ್ದು ಅಲ್ಲಿಯೇ. 1940ರ ದಶಕದಲ್ಲಿ ಎಸ್.795 ಎಂಬ ತಳಿ ರೈತರ ಕೈ ಸೇರಿದ್ದೂ ಅಲ್ಲಿಂದಲೇ. ಕಡೆಗೆ 1970ರಲ್ಲಿ ತುಕ್ಕು ಬ್ರೆಜಿಲನ್ನೂ ಮುಟ್ಟಿದಾಗ, ಬಾಳೆಹೊನ್ನೂರಿನ ಆ ತಿಳಿವು ಮೂರು ದಶಕಗಳಿಗೂ ಮಿಕ್ಕಿ ಹಳೆಯದಾಗಿತ್ತು. ಸಿರಿವಂತ ತೋಟಗಳಿಗೂ ಬಡ ತೋಟಗಳಿಗೂ ಒಂದೇ ಶತ್ರುವೆಂಬುದು ಆಗ ಲೋಕಕ್ಕೆ ಮನದಟ್ಟಾಯಿತು.

ಹೆಬ್ಬಾಳದ ಕೃಷಿ ಶಾಲೆ, ಮಂಡ್ಯದ ನೀರಾವರಿ ಬೇಸಾಯ, 1933ರ ಸಕ್ಕರೆ ಕಾರ್ಖಾನೆ, ಇವೆಲ್ಲದರಲ್ಲಿಯೂ ಅವರ ದುಡಿಮೆಯಿದೆ. ಕುಂಞಿಕಣ್ಣನ್ನರಂಥ ಸಹೋದ್ಯೋಗಿಗಳು ಅವರೊಡನೆ ದುಡಿದು ಹೆಸರು ಪಡೆದರು. 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಕೋಲ್ಮನ್ನರು 1954ರಲ್ಲಿ ತೀರಿಕೊಂಡರು.

ಅವರು ರೋಗವನ್ನು ನಿರ್ಮೂಲಗೊಳಿಸಿದರೆಂದು ನಾವು ಹೇಳುವುದಿಲ್ಲ. ಕಾಂಡಕೊರಕ ಇಂದಿಗೂ ಗಿಡಗಳನ್ನು ಕೊಲ್ಲುತ್ತಿದೆ. ಹೊತ್ತು ತಪ್ಪಿದ ಮಳೆ ಹೂವನ್ನು ಕೆಡಿಸುತ್ತಿದೆ. ಭಾರತದ ಕಾಫಿಯ ಹೆಚ್ಚಿನ ಪಾಲು ಪರದೇಶಕ್ಕೆ ಹೋಗುವುದಾದರೂ ಬೆಳೆಗಾರರಲ್ಲಿ ಬಹುಮಂದಿ ಸಣ್ಣ ಹಿಡುವಳಿಯವರು. ಒಂದು ಫಸಲು ಹೋದರೆ ಅವರ ಮನೆಯಿಂದಲೂ ಒಬ್ಬ ಮಗ ಹೊರಡಬೇಕಾದೀತು. ಊರು ಬಿಟ್ಟು ಬಂದ ನಮಗೆ ಅದರ ಅರ್ಥ ಚೆನ್ನಾಗಿ ತಿಳಿದಿದೆ. ಪರನಾಡಿಗೆ ಬಂದು ಅಲ್ಲಿಯ ಮಣ್ಣನ್ನು ತನ್ನದೆಂದು ದುಡಿದವನ ಬಾಳು ಪರನಾಡಿನಲ್ಲಿ ದುಡಿಯುವ ನಮ್ಮಂಥವರಿಗೆ ಮೇಲ್ಪಂಕ್ತಿಯಾಗಿರಲಿ.